ವಿಷಮಸಂಕ್ರಮಣ: ಮಾನ್ಯಖೇಟದ ಗಣಿತಗ್ರಂಥದಲ್ಲಿ ವರ್ಗಾಂತರದ ವಿಚಾರ

ಆಳಂದ ತಾಲೂಕಿನ ಕಿಣ್ಣಿ ಸುಲ್ತಾನದಲ್ಲಿಯಾಗಲಿ, ಅಫಜಲಪುರ ಜೇವರ್ಗಿಗಳ ಹಳ್ಳಿಗಳಲ್ಲಿಯಾಗಲಿ, ಶಾಲೆಯ ಗೋಡೆಯ ಪಕ್ಕದಲ್ಲಿ ಹಾದುಹೋಗುವವರ ಕಿವಿಗೆ ಒಂದು ಪಾಠವು ಬೀಳುವುದುಂಟು. ಎರಡು ವರ್ಗಗಳ ವ್ಯತ್ಯಾಸವು ಆ ಎರಡು ರಾಶಿಗಳ ಮೊತ್ತ ಮತ್ತು ವ್ಯತ್ಯಾಸಗಳ ಗುಣಲಬ್ಧಕ್ಕೆ ಸಮವೆಂಬುದೇ ಆ ಪಾಠ. ಚಿಹ್ನೆಗಳಲ್ಲಿ ಬರೆದರೆ ಅ² − ಕ² = (ಅ + ಕ)(ಅ − ಕ) ಎಂದಾಗುತ್ತದೆ. ವಿದ್ಯಾರ್ಥಿಗಳು ಇದನ್ನು ಬಾಯಿಪಾಠ ಮಾಡುವರು, ಪರೀಕ್ಷೆಯಲ್ಲಿ ಬರೆಯುವರು, ಅನಂತರ ಮರೆಯುವರು. ಇದು ಎಲ್ಲಿಂದ ಬಂದಿತೆಂದು ಯಾರಾದರೂ ಕೇಳಿದರೆ “ಪುಸ್ತಕದಲ್ಲಿದೆ” ಎಂಬುದಕ್ಕಿಂತ ಹೆಚ್ಚಿನ ಉತ್ತರವು ಸಿಕ್ಕುವುದು ಅಪರೂಪ.

ಆದರೆ ಆ ಉತ್ತರದಲ್ಲಿ ಒಂದು ಸತ್ಯವು ಅಡಗಿದೆ. ಕಿಣ್ಣಿ ಸುಲ್ತಾನದಿಂದ ಕಲಬುರಗಿಗೆ ಬಂದು, ಅಲ್ಲಿಂದ ಆಗ್ನೇಯಕ್ಕೆ ಸುಮಾರು 40 ಕಿಲೋಮೀಟರು ಹೋದರೆ ಕಾಗಿಣಾ ನದಿಯ ದಡದಲ್ಲಿ ಮಳಖೇಡವಿದೆ. ಇದೇ ರಾಷ್ಟ್ರಕೂಟರ ಮಾನ್ಯಖೇಟವೆಂಬುದು ವಾಚಕರಿಗೆ ವಿದಿತವೇ ಆಗಿದೆ. ಕ್ರಿ. ಶ. 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನ ಹೆಸರು ಬಂದೊಡನೆ ನಾವೆಲ್ಲರೂ ಕವಿರಾಜಮಾರ್ಗವನ್ನು ನೆನೆಯುತ್ತೇವೆ. ಅದು ಯುಕ್ತವೂ ಹೌದು. ಅದೇ ಅರಸನನ್ನು ಪೀಠಿಕೆಯಲ್ಲಿ ಕೊಂಡಾಡಿ, 850ರ ಸುಮಾರಿಗೆ ಮಹಾವೀರಾಚಾರ್ಯನು ರಚಿಸಿದ ಗಣಿತಸಾರಸಂಗ್ರಹವೆಂಬ ಇನ್ನೊಂದು ಗ್ರಂಥವಿದೆಯೆಂಬುದನ್ನು ಮಾತ್ರ ನೆನೆಯುವವರು ಕಡಮೆ. ಕನ್ನಡ ಪಂಡಿತರು ಅದನ್ನು ಗಣಿತವೆಂದು ಬದಿಗಿಟ್ಟರು. ಗಣಿತದ ಉಪಾಧ್ಯಾಯರು ಅದನ್ನು ಸಂಸ್ಕೃತ ಪದ್ಯವೆಂದು ಮುಟ್ಟದೆ ಹೋದರು. ಎರಡು ಮನೆಗೂ ಬೇಕಾದ ನೆಂಟನು ಎರಡು ಮನೆಯಲ್ಲಿಯೂ ಉಪವಾಸ ಉಳಿದಂತಾಯಿತು.

ಮೇಲೆ ಹೇಳಿದ ಸೂತ್ರದ ವಿಷಯದಲ್ಲಿ ನಮ್ಮ ಕಡೆ ಎರಡು ಅಭಿಪ್ರಾಯಗಳು ಕೇಳಿಬರುತ್ತವೆ. ಇದನ್ನು ಜಗತ್ತಿನಲ್ಲಿ ಮೊದಲು ಕಂಡುಹಿಡಿದವನು ನಮ್ಮ ಮಹಾವೀರಾಚಾರ್ಯನೇ ಎಂಬುದು ಒಂದು. ಪ್ರಾಚೀನರಿಗೆ ಶೀಘ್ರಗುಣಾಕಾರದ ಕೆಲವು ಉಪಾಯಗಳು ತಿಳಿದಿದ್ದುವೇ ಹೊರತು, ವರ್ಗಾಂತರವನ್ನು ಎರಡು ಗುಣಕಗಳಾಗಿ ಬಿಡಿಸುವ ವಿದ್ಯೆಯು ಪಾಶ್ಚಾತ್ಯರಿಂದ ಬಂದುದೆಂಬುದು ಇನ್ನೊಂದು. ಮೊದಲನೆಯದು ಅಭಿಮಾನದ ಮಾತು, ಎರಡನೆಯದು ಅನಾದರದ ಮಾತು. ಗ್ರಂಥವನ್ನು ತೆರೆದು ನೋಡಿದರೆ ಎರಡೂ ನಿಲ್ಲುವುದಿಲ್ಲ. ಮಹಾವೀರಾಚಾರ್ಯನು ಈ ಕ್ರಿಯೆಯನ್ನು ಕಂಡುಹಿಡಿಯಲಿಲ್ಲ. ಆದರೆ ಅದಕ್ಕೆ ಒಂದು ಹೆಸರು, ಒಂದು ಲಕ್ಷಣ, ಒಂದು ಪ್ರಯೋಗಕ್ಷೇತ್ರ ಈ ಮೂರನ್ನೂ ಆತನು ಸ್ಪಷ್ಟವಾಗಿ ಕೊಟ್ಟಿರುವನು. ಆ ಹೆಸರು ವಿಷಮಸಂಕ್ರಮಣ. ಅದನ್ನು ಸಾಧಿಸಿ ತೋರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಕಾಲದ ವಿಷಯವಾಗಿ ಒಂದು ಮಾತು. ಈ ಸೀಮೆಯು 1948ರವರೆಗೆ ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಪಾಠಪ್ರವಚನಗಳು ಉರ್ದುವಿನಲ್ಲಿ ನಡೆಯುತ್ತಿದ್ದುವು. ಉರ್ದುವಿನಲ್ಲಿ ಕಲಿತ ಇಲ್ಲಿಯ ಹಿರಿಯರಿಗೆ ಬೀಜಗಣಿತವೆಂದರೆ ‘ಜಬ್ರೊ ಮುಕಾಬಲಾ’. ಆ ಹೆಸರು ಬಾಗದಾದಿನ ಅಲ್-ಖ್ವಾರಿಜ್ಮಿಯ ಗ್ರಂಥದಿಂದ ಇಳಿದುಬಂದುದು. ಆತನಿಗೆ ಆಶ್ರಯವಿತ್ತ ಖಲೀಫ ಅಲ್-ಮಾಮೂನನು ಪಟ್ಟಕ್ಕೆ ಬಂದುದು 813ರಲ್ಲಿ. ಅಮೋಘವರ್ಷನು ಪಟ್ಟಕ್ಕೆ ಬಂದುದು 814ರಲ್ಲಿ. 851ರ ಅರಬೀ ಪ್ರವಾಸವೃತ್ತಾಂತವು ಲೋಕದ ನಾಲ್ವರು ಮಹಾರಾಜರಲ್ಲಿ ಬಾಗದಾದಿನ ಖಲೀಫನನ್ನೂ ‘ಬಲ್ಹರಾ’ ಎಂದರೆ ವಲ್ಲಭರಾಜನಾದ ರಾಷ್ಟ್ರಕೂಟ ದೊರೆಯನ್ನೂ ಒಟ್ಟಿಗೆ ಎಣಿಸುತ್ತದೆ. ಅಲ್-ಖ್ವಾರಿಜ್ಮಿಯು ತನ್ನ ಪುಸ್ತಕದ ಗುಣಾಕಾರ ಪ್ರಕರಣದಲ್ಲಿ ‘ಹತ್ತು ಕೂಡಿದ ವಸ್ತು’ವನ್ನು ‘ವಸ್ತು ಕಳೆದ ಹತ್ತ’ರಿಂದ ಗುಣಿಸಿದರೆ ನೂರರಲ್ಲಿ ವಸ್ತುವಿನ ವರ್ಗವನ್ನು ಕಳೆದಷ್ಟು ಬರುವುದೆಂದು ತೋರಿಸಿರುವನು. ನಮ್ಮ ಸೂತ್ರವೇ ಅದು. ಒಂದೇ ತಲೆಮಾರಿನಲ್ಲಿ, ಒಬ್ಬರ ಗ್ರಂಥವನ್ನೊಬ್ಬರು ನೋಡಿದ್ದರೆಂದು ಹೇಳಲು ಯಾವ ಕುರುಹೂ ಇಲ್ಲದ ಇಬ್ಬರು, ಎರಡು ರಾಜಧಾನಿಗಳ ನೆರಳಿನಲ್ಲಿ ಇದೇ ಮಾತನ್ನು ಬರೆದರು. ಈ ಸೀಮೆಯ ಹಿರಿಯರು ಒಬ್ಬನ ಶಾಸ್ತ್ರದ ಹೆಸರನ್ನು ಕಲಿತರು. ನೆರೆಯಲ್ಲಿದ್ದವನ ಹೆಸರನ್ನು ಕೇಳಲಿಲ್ಲ.

ಈಗ ಗ್ರಂಥಕ್ಕೆ ಬರೋಣ. ಗಣಿತಸಾರಸಂಗ್ರಹದಲ್ಲಿ ಸಂಜ್ಞಾಧಿಕಾರವೂ ಸೇರಿ ಒಂಬತ್ತು ಅಧ್ಯಾಯಗಳೂ 1100ಕ್ಕೆ ಮೀರಿದ ಪದ್ಯಗಳೂ ಇವೆ. ಆರ್ಯಭಟ ಬ್ರಹ್ಮಗುಪ್ತರಲ್ಲಿ ಗಣಿತವು ಜ್ಯೋತಿಷಸಿದ್ಧಾಂತದ ಒಂದು ಅಂಗವಾಗಿ ಬರುತ್ತದೆ. ಇಲ್ಲಿ ಅದು ತಾನೇ ಒಂದು ಶಾಸ್ತ್ರವಾಗಿ, ಗ್ರಹಗತಿಯ ಹಂಗಿಲ್ಲದೆ ನಿಂತಿದೆ. ಎರಡನೆಯದಾದ ಪರಿಕರ್ಮವ್ಯವಹಾರದಲ್ಲಿ ವರ್ಗ ಮಾಡುವ ಬಗೆಯನ್ನು ಹೇಳುವ ಒಂದು ಸೂತ್ರವಿದೆ. ಅದರ ತಾತ್ಪರ್ಯವು ಹೀಗೆ:— ಸಮಾನವಾದ ಎರಡು ರಾಶಿಗಳನ್ನು ಗುಣಿಸಿದರೆ ವರ್ಗ. ಅಥವಾ ಕೊಟ್ಟ ರಾಶಿಯಲ್ಲಿ ನಮಗೆ ಇಷ್ಟವಾದ ಒಂದು ಸಂಖ್ಯೆಯನ್ನು ಕಳೆದು, ಮತ್ತೊಂದು ಕಡೆ ಅದನ್ನೇ ಕೂಡಿ, ಬಂದ ಎರಡನ್ನೂ ಗುಣಿಸಿ, ಇಷ್ಟದ ವರ್ಗವನ್ನು ಸೇರಿಸಿದರೂ ವರ್ಗ. ಅಥವಾ ಒಂದು ಮೊದಲಾಗಿ ಎರಡೆರಡು ಹೆಚ್ಚುತ್ತಾ ಹೋಗುವ ಶ್ರೇಢಿಯನ್ನು ಆ ರಾಶಿಯಷ್ಟು ಪದಗಳವರೆಗೆ ಕೂಡಿದರೂ ವರ್ಗ.

ಎರಡನೆಯ ಮಾರ್ಗವನ್ನು ಈ ಸೀಮೆಯ ರೈತನಿಗೆ ಗೊತ್ತಿರುವ ಒಂದು ಲೆಕ್ಕದಿಂದ ಪರೀಕ್ಷಿಸಬಹುದು. ಒಂದು ಗುಂಟೆಯೆಂದರೆ ಬದಿಗೆ 33 ಅಡಿಯ ಚೌಕ; ಇಂತಹ 40 ಸೇರಿದರೆ ಒಂದು ಎಕರೆ. ಗುಂಟೆಗೆ ಚದರಡಿ ಎಷ್ಟು? ಇಷ್ಟವನ್ನು 3 ಎಂದು ಹಿಡಿದರೆ, 33ಕ್ಕೆ 3 ಕೂಡಿ 36, ಕಳೆದು 30. 36ನ್ನು 30ರಿಂದ ಗುಣಿಸಿದರೆ 1080. ಇಷ್ಟದ ವರ್ಗ 9ನ್ನು ಸೇರಿಸಿದರೆ 1089. ಬಾಯಿಲೆಕ್ಕದಲ್ಲಿಯೇ ಮುಗಿಯಿತು. ಮೂರನೆಯ ಮಾರ್ಗವೂ ವಸ್ತುತಃ ಇದರ ಸಂಬಂಧಿಯೇ. 33ರ ವರ್ಗಕ್ಕೂ 32ರ ವರ್ಗಕ್ಕೂ ಇರುವ ಅಂತರವು 33 + 32 = 65; ರಾಶಿಗಳ ಅಂತರವು ಒಂದಾದುದರಿಂದ ಗುಣಲಬ್ಧದಲ್ಲಿ ಮೊತ್ತವೊಂದೇ ಉಳಿಯಿತು. ಹೀಗೆ ಒಂದೊಂದೇ ಮೆಟ್ಟಲಿಳಿದರೆ ಬೆಸಸಂಖ್ಯೆಗಳ ಶ್ರೇಢಿಯು ತಾನಾಗಿ ಹುಟ್ಟುತ್ತದೆ. ಮೂರನ್ನೂ ಒಂದೇ ಪದ್ಯದಲ್ಲಿ ಕಟ್ಟಿದುದು ಕಾಕತಾಳೀಯವಲ್ಲವೆಂದು ನನಗೆ ತೋರುತ್ತದೆ.

ಇಷ್ಟನ್ನೇ ನೋಡಿದವರು “ಇದು ಶೀಘ್ರಗುಣಾಕಾರದ ಉಪಾಯ, ಅಷ್ಟೆ” ಎಂದರೆ ಅದು ಆಶ್ಚರ್ಯವಲ್ಲ. ಇಲ್ಲಿ ಗುಣಲಬ್ಧದಿಂದ ವರ್ಗಕ್ಕೆ ಹೋಗುವ ದಾರಿಯಿದೆ. ವರ್ಗಾಂತರದಿಂದ ಗುಣಕಗಳಿಗೆ ಬರುವ ದಾರಿಯಿಲ್ಲ. ಅಲ್ಲದೆ ಈ ಉಪಾಯವು 628ರಲ್ಲಿ ಭಿಲ್ಲಮಾಲದ ಬ್ರಹ್ಮಗುಪ್ತನು ರಚಿಸಿದ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿಯೇ ಬಂದಿದೆ. ಗ್ರೀಕರಲ್ಲಿ ಯೂಕ್ಲಿಡನ ಎರಡನೆಯ ಪುಸ್ತಕದಲ್ಲಿ ಇದೇ ತತ್ತ್ವವು ರೇಖೆ ಚೌಕಗಳ ಭಾಷೆಯಲ್ಲಿ ಇನ್ನೂ ಹಿಂದೆಯೇ ಇದೆ. ಆದುದರಿಂದ ಮೊದಲ ಶೋಧದ ಕೀರ್ತಿಯನ್ನು ಮಾನ್ಯಖೇಟಕ್ಕೆ ತರಲು ಹೊರಡುವುದು ವ್ಯರ್ಥ ಶ್ರಮ.

ನಮಗೆ ಬೇಕಾದ ಮಾತು ಇರುವುದು ಮಿಶ್ರಕವ್ಯವಹಾರವೆಂಬ ಆರನೆಯ ಅಧ್ಯಾಯದ ಮೊದಲಿನಲ್ಲಿ. ಗಣಿತಸಮುದ್ರದ ಆಚೆಯ ದಡವನ್ನು ಕಂಡವರು ಹೇಳುವುದೇನೆಂದರೆ ಎಂದು ಪೀಠಿಕೆ ಹಾಕಿ, ಆಚಾರ್ಯನು ಎರಡು ಲಕ್ಷಣಗಳನ್ನು ಕೊಡುತ್ತಾನೆ. ಎರಡು ರಾಶಿಗಳನ್ನು ಕೂಡಿ ಅರ್ಧಿಸುವುದು, ಕಳೆದು ಅರ್ಧಿಸುವುದು—ಇದು ಸಂಕ್ರಮಣ. ಆ ಎರಡು ರಾಶಿಗಳು ಭಾಜಕ ಮತ್ತು ಭಾಗಲಬ್ಧಗಳಾಗಿದ್ದರೆ ಅದೇ ಕ್ರಿಯೆಯು ವಿಷಮಸಂಕ್ರಮಣ. ಮಾತು ಇಷ್ಟೇ, ಆದರೆ ಇದನ್ನು ಬಿಡಿಸಿ ನೋಡಬೇಕು.

ಎರಡು ಅಜ್ಞಾತ ರಾಶಿಗಳ ಮೊತ್ತ 50, ಅಂತರ 8 ಎಂದು ತಿಳಿದಿದ್ದರೆ, 50ಕ್ಕೆ 8 ಕೂಡಿ ಅರ್ಧಿಸಿ 29, ಕಳೆದು ಅರ್ಧಿಸಿ 21. ಇದು ಸರಳ ಸಂಕ್ರಮಣ. ಈಗ ಮೊತ್ತವನ್ನು ಮರೆಮಾಡಿ, ಅದರ ಬದಲಿಗೆ ವರ್ಗಗಳ ಅಂತರ 400 ಎಂದು ಕೊಟ್ಟರೆ? 400ನ್ನು 8ರಿಂದ ಭಾಗಿಸಿದರೆ 50 ಬರುತ್ತದೆ; ಭಾಜಕ 8, ಭಾಗಲಬ್ಧ 50; ಇವುಗಳಿಗೆ ಸಂಕ್ರಮಣ ಮಾಡಿದರೆ ಮತ್ತೆ 29 ಮತ್ತು 21. 841ರಲ್ಲಿ 441ನ್ನು ಕಳೆದು ತಾಳೆ ನೋಡಬಹುದು. ಈ ಲೆಕ್ಕವು 1150ರ ಭಾಸ್ಕರಾಚಾರ್ಯನ ಲೀಲಾವತಿಯದು. ರೀತಿಯು ಮಹಾವೀರನ ಲಕ್ಷಣಕ್ಕೆ ಅಕ್ಷರಶಃ ಹೊಂದುತ್ತದೆ. ವರ್ಗಾಂತರವನ್ನು ಒಂದು ಭಾಜಕದಿಂದ ಭಾಗಿಸುವುದೆಂದರೆ ಅದನ್ನು ಎರಡು ಗುಣಕಗಳಾಗಿ ಬಿಡಿಸುವುದೇ ತಾನೆ? ಆ ಗುಣಕಗಳಲ್ಲಿ ಒಂದು ರಾಶಿಗಳ ಅಂತರ, ಇನ್ನೊಂದು ಅವುಗಳ ಮೊತ್ತ. ನಮ್ಮ ಶಾಲೆಯ ಪಾಠವು ಇಲ್ಲಿಗೆ ನಿಂತುಬಿಡುತ್ತದೆ. ಪ್ರಾಚೀನರು ನಿಲ್ಲುವುದಿಲ್ಲ, ಅರ್ಧಿಸಿ ಮೂಲರಾಶಿಗಳನ್ನು ಕೈಗೆ ತೆಗೆದುಕೊಂಡೇ ಮುಂದೆ ಹೋಗುತ್ತಾರೆ. ಬಿಡಿಸುವುದು ಅವರಿಗೆ ಗುರಿಯಲ್ಲ, ದಾರಿ.

ಬ್ರಹ್ಮಗುಪ್ತನು ಇದನ್ನೇ ವಿಷಮಕರ್ಮವೆಂದು ಕರೆದಿರುವನು. ಕೊಟ್ಟ ಎರಡು ವಸ್ತುಗಳಲ್ಲಿ ಒಂದು ವರ್ಗಜಾತಿಯದು, ಒಂದು ಸರಳರಾಶಿಯದು. ಜಾತಿಯಲ್ಲಿ ಸಮವಲ್ಲದುದರಿಂದ ವಿಷಮವೆಂದು ಹೆಸರಾಯಿತೆಂದು ಗ್ರಹಿಸಬಹುದು. ‘ಸಂಕ್ರಮಣ’ವೆಂಬ ಮಾತಂತೂ ಭೀಮಾ ಅಮರ್ಜಾ ನದಿಗಳು ಕೂಡುವ ಗಾಣಗಾಪುರದ ಕಡೆಯ ಕೂಲಿಯಾಳಿಗೂ ಗೊತ್ತು. ಸೂರ್ಯನು ಧನುಸ್ಸಿನಿಂದ ಮಕರಕ್ಕೆ ದಾಟುವುದು ಸಂಕ್ರಮಣವಾದರೆ, ಮೊತ್ತ ಅಂತರಗಳೆಂಬ ಮನೆಯಿಂದ ಹಿರಿದು ಕಿರಿದುಗಳೆಂಬ ಮನೆಗೆ ಸಂಖ್ಯೆಗಳು ದಾಟುವುದೂ ಸಂಕ್ರಮಣ. ಪರಿಭಾಷೆಯ ಸೊಗಸು ಎಂದರೆ ಇದು.

ಈ ಕ್ರಿಯೆಯನ್ನು ಮಹಾವೀರನು ಎಲ್ಲಿ ಹೂಡಿದನೆಂಬುದು ಮುಖ್ಯ. ಏಳನೆಯ ಅಧ್ಯಾಯವಾದ ಕ್ಷೇತ್ರಗಣಿತದಲ್ಲಿ ‘ಜನ್ಯ’ವೆಂಬ ಪ್ರಕರಣವಿದೆ. ಎರಡು ‘ಬೀಜ’ಗಳನ್ನು ಹಿಡಿದು ಆಯತಕ್ಷೇತ್ರವನ್ನು ಹುಟ್ಟಿಸುವ ವಿದ್ಯೆಯದು:— ಬೀಜಗಳ ವರ್ಗಾಂತರವು ಕೋಟಿ, ಅವುಗಳ ಗುಣಲಬ್ಧದ ಇಮ್ಮಡಿಯು ಭುಜ, ವರ್ಗಗಳ ಮೊತ್ತವು ಕರ್ಣ. ಬೀಜಗಳು 3 ಮತ್ತು 2 ಆದರೆ 5, 12, 13 ಬರುತ್ತದೆ. ಇದರ ಮುಂದೆ ವಿಲೋಮ ಪ್ರಶ್ನೆಯು ಬರುತ್ತದೆ: ಕೋಟಿಯೊಂದೇ ತಿಳಿದಿದ್ದರೆ ಭುಜವನ್ನೂ ಕರ್ಣವನ್ನೂ ಪಡೆಯುವುದು ಹೇಗೆ? ಆಚಾರ್ಯನ ಉತ್ತರವಿದು: ಕೋಟಿಯ ವರ್ಗವನ್ನು ಇಷ್ಟವಾದ ಭಾಜಕದಿಂದ ಭಾಗಿಸಿ, ಆ ಭಾಜಕ ಭಾಗಲಬ್ಧಗಳಿಗೆ ಸಂಕ್ರಮಣ ಮಾಡಿದರೆ ಕರ್ಣವೂ ಭುಜವೂ ದೊರೆಯುವುವು. ಕೋಟಿಯ ವರ್ಗವೆಂದರೆ ಕರ್ಣವರ್ಗ ಭುಜವರ್ಗಗಳ ಅಂತರವೇ ಆದುದರಿಂದ, ಇಲ್ಲಿ ನಡೆಯುತ್ತಿರುವುದು ವರ್ಗಾಂತರದ ವಿಭಜನೆಯೇ ಎಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ.

ಕೋಟಿಯನ್ನು 12 ಎಂದು ಹಿಡಿದು ನೋಡೋಣ, ವರ್ಗ 144. ಭಾಜಕ 2 ಆದರೆ ಭಾಗಲಬ್ಧ 72. ಸಂಕ್ರಮಣದಿಂದ ಕರ್ಣ 37, ಭುಜ 35. ಭಾಜಕ 4 ಆದರೆ ಭಾಗಲಬ್ಧ 36. ಕರ್ಣ 20, ಭುಜ 16. ಭಾಜಕ 6 ಆದರೆ ಭಾಗಲಬ್ಧ 24. ಕರ್ಣ 15, ಭುಜ 9. ಭಾಜಕ 8 ಆದರೆ ಭಾಗಲಬ್ಧ 18. ಕರ್ಣ 13, ಭುಜ 5. ಭಾಜಕವನ್ನು 12ನ್ನೇ ಹಿಡಿದರೆ ಭುಜವು ಸೊನ್ನೆಯಾಗಿ ಕ್ಷೇತ್ರವೇ ಮಾಯವಾಗುತ್ತದೆ. 3ನ್ನು ಹಿಡಿದರೆ ಭಾಗಲಬ್ಧ 48. ಒಂದು ಬೆಸ, ಒಂದು ಸರಿ. ಅರ್ಧಿಸಿದಾಗ ಇಪ್ಪತ್ತೈದೂವರೆ, ಇಪ್ಪತ್ತೆರಡೂವರೆ ಎಂದು ಭಿನ್ನಗಳು ಬರುತ್ತವೆ. ಅವೂ ತಪ್ಪಲ್ಲ, ಆದರೆ ಪೂರ್ಣಾಂಕಗಳಲ್ಲ. ಆದುದರಿಂದ 12 ಕೋಟಿಯಾಗಿರುವ ಪೂರ್ಣಾಂಕ ಕ್ಷೇತ್ರಗಳು ನಾಲ್ಕೇ ನಾಲ್ಕು. ಐದನೆಯದು ಇಲ್ಲವೆಂದು ಧೈರ್ಯವಾಗಿ ಹೇಳಬಹುದು. ಊಹಿಸಿ ಹುಡುಕುವವನಿಗೆ ಈ ಧೈರ್ಯವು ಬರುವುದಿಲ್ಲ. ಬಿಡಿಸಬಲ್ಲವನಿಗೆ ಮಾತ್ರ ಬರುತ್ತದೆ. ಕೊಟ್ಟ ಬಾಹುವಿನಿಂದ ಕ್ಷೇತ್ರವನ್ನು ಪಡೆಯುವ ನಿಯಮವು ಬ್ರಹ್ಮಗುಪ್ತನಲ್ಲಿಯೂ ಉಂಟು. ಆದರೆ ಆ ಕ್ರಿಯೆಗೆ ಮೊದಲೇ ಹೆಸರಿಟ್ಟು, ಲಕ್ಷಣ ಹೇಳಿ, ಅನಂತರ ಆ ಹೆಸರಿನಿಂದಲೇ ಅದನ್ನು ಕ್ಷೇತ್ರಕ್ಕೆ ಕರೆದು ತರುವ ಕ್ರಮವು ಮಹಾವೀರನಲ್ಲಿ ಎದ್ದು ಕಾಣುತ್ತದೆ. ಗಣಿತವನ್ನು ಬೋಧಿಸಿ ಅನುಭವವಿದ್ದವನ ಕೈವಾಡವಿದು.

ಮುರಿದ ಬಿದಿರಿನ ಲೆಕ್ಕವೂ ಇದೇ ಕುಲದ್ದು. 25 ಹಸ್ತದ ಬಿದಿರು ಗಾಳಿಗೆ ಮುರಿದು, ತುದಿಯು ಬುಡದಿಂದ 5 ಹಸ್ತ ದೂರದಲ್ಲಿ ನೆಲ ಮುಟ್ಟಿತೆಂದುಕೊಳ್ಳೋಣ. ಮುರಿದು ಬಾಗಿದ ಭಾಗವು ಕರ್ಣ, ನಿಂತ ಭಾಗವು ಕೋಟಿ. ಇವೆರಡರ ಮೊತ್ತ 25, ವರ್ಗಾಂತರವು 5ರ ವರ್ಗವಾದ 25. ಭಾಗಿಸಿದರೆ ಅಂತರವು 1. ಆದುದರಿಂದ 13 ಮತ್ತು 12. ಲೀಲಾವತಿಯ ಹಾವು ನವಿಲುಗಳ ಪ್ರಶ್ನೆಯು ಇದರ ತಂಗಿ: 9 ಹಸ್ತದ ಕಂಬದ ಮೇಲೆ ನವಿಲು, ಕಂಬದ ಬುಡದಲ್ಲಿ ಹುತ್ತ, 27 ಹಸ್ತದ ದೂರದಿಂದ ಹುತ್ತದತ್ತ ಬರುವ ಹಾವು, ಎರಡೂ ಸಮದೂರ ಸಾಗಿ ಸಂಧಿಸಿದರೆ ಎಲ್ಲಿ? 81ನ್ನು 27ರಿಂದ ಭಾಗಿಸಿ 3. ಸಂಕ್ರಮಣದಿಂದ 15 ಮತ್ತು 12. ಹುತ್ತದಿಂದ 12 ಹಸ್ತದಲ್ಲಿ ಹಾವಿನ ಕಥೆ ಮುಗಿಯಿತು. ಮೇಲೆ 12ರ ಕೋಟಿಯಲ್ಲಿ ಮೂರನೆಯದಾಗಿ ಕಂಡ 9, 12, 15ರ ಕ್ಷೇತ್ರವೇ ಇಲ್ಲಿ ನವಿಲಿನ ವೇಷದಲ್ಲಿ ಬಂದಿರುವುದನ್ನು ವಾಚಕರು ಗಮನಿಸಬಹುದು. ಬಿದಿರು, ತಾವರೆಗಳ ಲೆಕ್ಕಗಳು ಆರ್ಯಭಟೀಯಕ್ಕೆ ಮೊದಲನೆಯ ಭಾಸ್ಕರನು 629ರಲ್ಲಿ ಬರೆದ ಭಾಷ್ಯದಲ್ಲಿಯೂ ಇವೆ. ಇವು ಎಲ್ಲರ ಸೊತ್ತು.

ಪ್ರಸಂಗವಶಾತ್ ಒಂದು ಮಾತು. ಲೀಲಾವತಿಕಾರನ ಊರಾದ ವಿಜ್ಜಡವಿಡವು ನಮ್ಮ ಬಿಜಾಪುರವೇ ಎಂಬ ವಾದವು ಕನ್ನಡಿಗರಿಗೆ ಪ್ರಿಯವಾದುದು. ಆದರೆ ಆತನು ತನ್ನ ಊರು ಸಹ್ಯಾದ್ರಿಯ ಆಶ್ರಯದಲ್ಲಿದೆಯೆಂದು ಹೇಳಿಕೊಂಡಿರುವನು. ಆತನ ಮೊಮ್ಮಗ ಚಾಂಗದೇವನ 1207ರ ಶಾಸನವು ಖಾನದೇಶದ ಚಾಳೀಸಗಾಂವದ ಹತ್ತಿರ ಪಾಟಣದಲ್ಲಿ ದೊರೆತಿದೆ. ಇವನ್ನು ನೋಡಿದರೆ ಆ ವಾದಕ್ಕೆ ಬಲ ಸಾಲದೆಂದೇ ನನ್ನ ಅಭಿಪ್ರಾಯ. ಮಹಾವೀರನ ವಿಷಯದಲ್ಲಿ ಇಂತಹ ಎಳೆದಾಟದ ಅಗತ್ಯವಿಲ್ಲ. ಆತನು ತಾನೇ ನೃಪತುಂಗನ ಆಳಿಕೆಯು ಬೆಳಗಲೆಂದು ಹರಸಿರುವನು.

ಶಬ್ದಗಳ ವಿಷಯದಲ್ಲಿ ಸಾಹಿತ್ಯದ ಉಪಾಧ್ಯಾಯರು ಗಮನಿಸಬೇಕಾದ ಎರಡು ಸಂಗತಿಗಳಿವೆ. ಇಂದಿನ ಕನ್ನಡ ಪಠ್ಯಪುಸ್ತಕಗಳು ಗುಣಕಗಳನ್ನು ‘ಅಪವರ್ತನ’ಗಳೆಂದೂ, ಬಿಡಿಸುವುದನ್ನು ‘ಅಪವರ್ತಿಸುವುದು’ ಎಂದೂ ಕರೆಯುತ್ತವೆ. ಪ್ರಾಚೀನ ಗ್ರಂಥಗಳಲ್ಲಿ, ವಿಶೇಷವಾಗಿ ಕುಟ್ಟಕಪ್ರಕರಣದಲ್ಲಿ, ಅಪವರ್ತನವೆಂದರೆ ಭಾಜ್ಯ ಭಾಜಕಾದಿಗಳನ್ನು ಒಂದು ಸಾಮಾನ್ಯ ಸಂಖ್ಯೆಯಿಂದ ಭಾಗಿಸಿ ಚಿಕ್ಕದು ಮಾಡುವುದು. ಭಾಗಹಾರದ ಆ ಮಾತೇ ಈಗ ಭಾಜಕಕ್ಕೆ ಹೆಸರಾಗಿ ನಿಂತಿದೆ. ಅರ್ಥವು ಸರಿದುದು ತಪ್ಪಲ್ಲ, ಭಾಷೆಯಲ್ಲಿ ಇದು ಸಹಜ; ಆದರೆ ಹಳೆಯ ಗ್ರಂಥವನ್ನು ಓದುವವನು ಇಂದಿನ ಅರ್ಥವನ್ನು ಅಲ್ಲಿಗೆ ಒಯ್ದರೆ ಎಡವುವನು. ‘ಬೀಜ’ದ ಗತಿಯೂ ಹಾಗೆಯೇ. ಬೀಜಗಣಿತದಲ್ಲಿ ಅದು ಅವ್ಯಕ್ತದ ವಿದ್ಯೆ. ಮಹಾವೀರನ ಜನ್ಯಪ್ರಕರಣದಲ್ಲಿ ಕ್ಷೇತ್ರವನ್ನು ಮೊಳೆಯಿಸುವ ಎರಡು ಸಂಖ್ಯೆಗಳು. ಪುರಾತನರಲ್ಲಿ ‘ವರ್ಗಗಳ ವ್ಯತ್ಯಾಸದ ಅಪವರ್ತನ’ವೆಂಬ ಮಾತನ್ನು ಹುಡುಕಿ, ಕಾಣದೆ, ಆ ವಿದ್ಯೆಯೇ ಇರಲಿಲ್ಲವೆಂದು ನಿರ್ಣಯಿಸಿದವರು ಶಬ್ದವನ್ನು ಹುಡುಕಿದರು, ಕ್ರಿಯೆಯನ್ನು ಹುಡುಕಲಿಲ್ಲ.

ಗ್ರಂಥದ ಪ್ರಚಾರವನ್ನು ಕುರಿತು ಹೇಳುವುದಾದರೆ, ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಇದನ್ನು ತೆಲುಗಿಗೆ ತಂದನು. ಕನ್ನಡದಲ್ಲಿ ಹನ್ನೆರಡನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತ ಮೊದಲಾದುವನ್ನು ರಚಿಸಿ, ಲೆಕ್ಕವನ್ನು ದೇಶಭಾಷೆಯಲ್ಲಿ ಹೇಳಬಹುದೆಂಬುದನ್ನು ತೋರಿಸಿದನು. ಮೂಲಗ್ರಂಥವು ಕನ್ನಡ ಲಿಪಿಯ ಹಸ್ತಪ್ರತಿಗಳಲ್ಲಿ, ವಲ್ಲಭನ ಕನ್ನಡ ಟೀಕೆಯೊಡನೆ, ಜೈನ ಭಂಡಾರಗಳ ಆಶ್ರಯದಲ್ಲಿ ಬದುಕಿತು. ಕೋಲ್‌ಬ್ರೂಕ್ ಮಹಾಶಯನು ಬ್ರಹ್ಮಗುಪ್ತ ಭಾಸ್ಕರರನ್ನು 1817ರಲ್ಲಿಯೇ ಇಂಗ್ಲಿಷಿಗೆ ತಿರುಗಿಸಿದ್ದನು. ಮಹಾವೀರನು ಅಚ್ಚಿನಲ್ಲಿ ಕಾಣಿಸಿಕೊಂಡುದು 1912ರಲ್ಲಿ, ಮದರಾಸಿನ ಪ್ರೊಫೆಸರ್ ಎಂ. ರಂಗಾಚಾರ್ಯರ ಇಂಗ್ಲಿಷ್ ಭಾಷಾಂತರದೊಡನೆ. ತೊಂಬತ್ತೈದು ವರ್ಷಗಳ ಈ ಅಂತರದಲ್ಲಿ ಹಿಂದೂಗಣಿತದ ಚರಿತ್ರೆಯು ಆತನನ್ನು ಬಿಟ್ಟೇ ಬರೆಯಲ್ಪಟ್ಟಿತು. ಹಿಂದೀ ಆವೃತ್ತಿಯು 1963ರಲ್ಲಿ ಸೊಲ್ಲಾಪುರದಿಂದಲೂ, ಪದ್ಮಾವತಮ್ಮನವರ ಕನ್ನಡ ಅನುವಾದವು 2000ದಲ್ಲಿ ಹೊಂಬುಜದಿಂದಲೂ ಹೊರಬಂದುವು. ಕನ್ನಡ ನಾಡಿನ ಗ್ರಂಥವು ಕನ್ನಡ ಮಾತಿನಲ್ಲಿ ಅಚ್ಚಾಗಿ ಸಿಕ್ಕಲು ಇಂಗ್ಲಿಷಿನ ತರುವಾಯ ಎಂಬತ್ತೆಂಟು ವರ್ಷ ಕಾಯಬೇಕಾಯಿತು.

ಈ ಕ್ರಿಯೆಯು ಹಳೆಯ ಕಾಲದ ವಿನೋದವಷ್ಟೇ ಎಂದು ಭಾವಿಸಬಾರದು. 1643ರ ಸುಮಾರಿಗೆ ಫ್ರಾನ್ಸಿನ ಫರ್ಮಾ ಎಂಬ ನ್ಯಾಯವಾದಿ ಗಣಿತಜ್ಞನು 2027651281 ಎಂಬ ದೊಡ್ಡ ಸಂಖ್ಯೆಯನ್ನು ಬಿಡಿಸಲು ಇದನ್ನೇ ತಿರುಗುಮುರುಗಾಗಿ ಉಪಯೋಗಿಸಿದನು. ಭಾಜಕವು ತಿಳಿಯದುದರಿಂದ, ಆ ಸಂಖ್ಯೆಗಿಂತ ತುಸು ಹೆಚ್ಚಿನ ವರ್ಗಗಳನ್ನು ಒಂದೊಂದಾಗಿ ಹಿಡಿದು, ಶೇಷವು ತಾನೂ ಒಂದು ವರ್ಗವಾಗುವವರೆಗೆ ಹೋದನು. 45030ರಿಂದ ಹೊರಟು ಹನ್ನೆರಡನೆಯ ಯತ್ನದಲ್ಲಿ 45041ಕ್ಕೆ ಬಂದಾಗ ಶೇಷವು 1020ರ ವರ್ಗವಾಯಿತು. ಕೂಡಿ 46061, ಕಳೆದು 44021, ಇವೇ ಗುಣಕಗಳು. ಮಹಾವೀರನಲ್ಲಿ ಭಾಜಕದಿಂದ ವರ್ಗಗಳಿಗೆ, ಫರ್ಮಾನಲ್ಲಿ ವರ್ಗಗಳಿಂದ ಭಾಜಕಕ್ಕೆ, ಸೇತುವೆಯೊಂದೇ. 1977ರಿಂದೀಚೆಗೆ ಗುಪ್ತಸಂದೇಶಗಳ ಒಂದು ಪ್ರಸಿದ್ಧ ಪದ್ಧತಿಯು ದೊಡ್ಡ ಸಂಖ್ಯೆಗಳನ್ನು ಬಿಡಿಸುವ ಕಷ್ಟವನ್ನೇ ಕಾವಲಾಗಿ ಇಟ್ಟುಕೊಂಡಿದೆ. ಅಲ್ಲಿ ಎರಡು ಗುಣಕಗಳು ಒಂದಕ್ಕೊಂದು ತೀರ ಸಮೀಪದಲ್ಲಿರಬಾರದೆಂಬ ಎಚ್ಚರವು ಈ ಫರ್ಮಾನ ದಾರಿಗೆ ಹೆದರಿಯೇ ಹುಟ್ಟಿದುದು.

ಇನ್ನು ಉಪಪತ್ತಿ. ಮಹಾವೀರನು ಸೂತ್ರವನ್ನೂ ಉದಾಹರಣೆಯನ್ನೂ ಕೊಡುವನೇ ಹೊರತು, ಏಕೆ ಹೀಗೆ ಎಂಬುದನ್ನು ಬರೆಯುವುದಿಲ್ಲ. ಅದು ಗುರುಮುಖದಿಂದ ಬರಬೇಕಾದುದೆಂಬ ಪದ್ಧತಿಯಿರಬೇಕು. ಕ್ಷೇತ್ರವನ್ನು ಬರೆದು ತೋರಿಸುವ ಉಪಪತ್ತಿಗಳನ್ನು ಲೀಲಾವತಿಗೆ 1545ರಲ್ಲಿ ಗಣೇಶ ದೈವಜ್ಞನು ಬುದ್ಧಿವಿಲಾಸಿನಿಯೆಂಬ ವ್ಯಾಖ್ಯಾನದಲ್ಲಿ ಒದಗಿಸಿದನು. ಇದಕ್ಕಿಂತ ಬಹಳ ಹಿಂದೆ, ಬೌಧಾಯನ ಶುಲ್ಬಸೂತ್ರದಲ್ಲಿ ಆಯತವನ್ನು ಚೌಕವಾಗಿ ಮಾರ್ಪಡಿಸುವ ವಿಧಿಯಿದೆ: ಆಯತದಿಂದ ಒಂದು ಚೌಕವನ್ನು ಗುರುತಿಸಿ, ಉಳಿದ ತುಂಡನ್ನು ಎರಡಾಗಿ ಸೀಳಿ, ಎರಡು ಬದಿಗೆ ಹಚ್ಚಿದರೆ ಮೂಲೆ ಹರಿದ ಚೌಕವಾಗುತ್ತದೆ. ದೊಡ್ಡ ಚೌಕದಲ್ಲಿ ಸಣ್ಣ ಚೌಕವನ್ನು ಕಳೆದುದೇ ಆಯತವೆಂಬುದನ್ನು ಯಜ್ಞವೇದಿಯ ಇಟ್ಟಿಗೆಗಳೇ ಹೇಳಿದುವು.

ಇದನ್ನು ನಮ್ಮ ಎರೆಹೊಲದಲ್ಲಿ ಅಳೆದು ನೋಡಬಹುದು. ಬದಿಗೆ 66 ಅಡಿಯ ಚೌಕ ಹೊಲವೊಂದಿದೆ. ಅದು ನಾಲ್ಕು ಗುಂಟೆ. ಅದರ ಒಂದು ಮೂಲೆಯಲ್ಲಿ 33 ಅಡಿಯ ಚೌಕವನ್ನು, ಎಂದರೆ ಒಂದು ಗುಂಟೆಯನ್ನು, ಕತ್ತರಿಸಿ ತೆಗೆದರೆ ಉಳಿಯುವುದು ಮಡಿಸಿದ ಮೊಳಕೈಯಂತಹ ಆಕಾರ. ಅದನ್ನು 66ಕ್ಕೆ 33ರ ಒಂದು ಪಟ್ಟಿಯಾಗಿಯೂ 33ಕ್ಕೆ 33ರ ಒಂದು ತುಂಡಾಗಿಯೂ ಸೀಳಿ, ಎರಡನ್ನೂ ಸಾಲಾಗಿ ಇಟ್ಟರೆ 99 ಅಡಿ ಉದ್ದ, 33 ಅಡಿ ಅಗಲದ ಆಯತ. 99 ಎಂಬುದು 66 ಮತ್ತು 33ರ ಮೊತ್ತ. 33 ಎಂಬುದು ಅವುಗಳ ಅಂತರ. ಸೂತ್ರವು ಕಣ್ಣ ಮುಂದೆಯೇ ಬಿದ್ದಿದೆ.

ಮಹಾವೀರನು ಕ್ಷೇತ್ರಫಲವನ್ನು ವ್ಯಾವಹಾರಿಕ, ಸೂಕ್ಷ್ಮ ಎಂದು ಎರಡು ಬಗೆಯಾಗಿ ಹೇಳುತ್ತಾನೆ. ಎದುರುಬದುರು ಬದಿಗಳನ್ನು ಕೂಡಿ ಅರ್ಧಿಸಿ ಗುಣಿಸುವುದು ವ್ಯಾವಹಾರಿಕ. ಓರೆಯಾದ ಹೊಲದಲ್ಲಿ ಅದು ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ದತ್ತಿಯ ಭೂಮಿಯನ್ನು ಮತ್ತರು ಕಮ್ಮಗಳಲ್ಲಿ ಗಳೆಯಿಂದ ಅಳೆದು ಶಾಸನದಲ್ಲಿ ಕೊರೆಯಿಸುತ್ತಿದ್ದ ನಾಡಿನಲ್ಲಿ ಈ ಭೇದವು ಬರಿಯ ಪಾಂಡಿತ್ಯದ್ದಾಗಿರಲಾರದು. ಇನ್ನೂ ಒರಟಾದ ಅಳತೆ ಒಂದುಂಟು: ಬದುವಿನ ಮೇಲೆ ಸುತ್ತ ನಡೆದು ಹೆಜ್ಜೆ ಎಣಿಸುವುದು. ಮೇಲಿನ ಚೌಕ ಹೊಲದ ಸುತ್ತಳತೆ 264 ಅಡಿ. 99ಕ್ಕೆ 33ರ ಉದ್ದ ಹೊಲದ ಸುತ್ತಳತೆಯೂ ಸರಿಯಾಗಿ 264 ಅಡಿ. ಮೊದಲನೆಯದು ನಾಲ್ಕು ಗುಂಟೆ, ಎರಡನೆಯದು ಮೂರು. ಅಣ್ಣ ತಮ್ಮಂದಿರು ಪಾಲಾಗುವಾಗ ಸುತ್ತಳತೆಯನ್ನು ನಂಬಿ ಉದ್ದ ಹೊಲವನ್ನು ಒಪ್ಪಿಕೊಂಡವನಿಗೆ, 66ರ ವರ್ಗಕ್ಕೂ ಈ ಗುಣಲಬ್ಧಕ್ಕೂ ಇರುವ ಅಂತರವಾದ 33ರ ವರ್ಗ, ಎಂದರೆ ತೊಗರಿ ಬೆಳೆಯುವ ಒಂದು ಗುಂಟೆ ಎರೆಭೂಮಿ, ಕಡಮೆಯಾಗಿರುತ್ತದೆ.